ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ ಪಂಪ್ ಬಿಚ್ಚಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಪಿಕಪ್‌ಗೆ ದೊಡ್ಡ ಡೀಸೆಲ್ ಪಂಪ್ (ಇಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಹಾಕಿಸಿದರೆ ಪವರ್ ಜಾಸ್ತಿ ಆಗುತ್ತಾ? ಹಿಂದೆಯೂ ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟಿದ್ದೆ. ಆದರೂ ಜನ ದುಡ್ಡು ಕಳೆದುಕೊಂಡು ಬರುವುದು ನಿಂತಿಲ್ಲ. ಅದಕ್ಕೇ ಇವತ್ತು ಹೆಚ್ಚಿನ ಜಾಗವನ್ನೆಲ್ಲ ಇದಕ್ಕೇ ಕೊಡುತ್ತೇನೆ.

ಪ್ರಶ್ನೆ: ನನ್ನದು ಬಿಎಸ್4 (ಹೊಗೆ ನಿಯಮದ ನಾಲ್ಕನೇ ಹಂತ) ಪಿಕಪ್. ಮಂಗಳೂರಿನಿಂದ ಲೋಡ್ ಹಾಕಿಕೊಂಡು ಶಿರಾಡಿ ಘಾಟ್ ಹತ್ತುವಾಗ ಪುಲ್ಲಿಂಗ್ ಇಲ್ಲ. ಒಮ್ಮೊಮ್ಮೆ ಇಂಜಿನ್ ಲೈಟ್ ಬಂದು ಗಾಡಿ ತೆವಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗುವುದೂ ತಡ. ದೊಡ್ಡ ಗಾಡಿಯ ಪಂಪ್ ತಂದು ಕೂರಿಸಿದರೆ ಸರಿಹೋಗುತ್ತೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಯಾವ ಪಂಪ್ ಒಳ್ಳೆಯದು? (ಹಾಸನ ಜಿಲ್ಲೆ)

ಸದ್ಯಕ್ಕೆ ಯಾವ ಪಂಪೂ ಬೇಡ. ಮೊದಲು ಗಾಡಿಗೆ ಏನಾಗಿದೆ ಅಂತ ನೋಡಿಸಿ.

ನಿಮ್ಮ ಮೆಕ್ಯಾನಿಕ್ ಹೇಳುತ್ತಿರುವುದು ಹಳೇ ಕಾಲದ ಮಾತು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಯ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಎಷ್ಟು ಬೇರೂರಿತ್ತು ಅಂದರೆ, ಡೀಸೆಲ್ ಪಂಪ್ ಅಂದರೇ ಮೈಕೋ ಪಂಪ್. 2008ರಲ್ಲಿ ಅದರ ಹೆಸರು ಬಾಷ್ ಅಂತ ಆಯಿತು. ಈಗಲೂ ಹಳಬರ ಬಾಯಲ್ಲಿ ಮೈಕೋನೇ. ಆ ಪಂಪಿನಲ್ಲಿ ಎಷ್ಟು ಡೀಸೆಲ್ ಹೋಗಬೇಕು ಅನ್ನುವುದನ್ನು ಪಂಪೇ ಅಳೆದು ಕೊಡುತ್ತಿತ್ತು. ಸ್ಕ್ರೂ ಸ್ವಲ್ಪ ತಿರುಗಿಸಿದರೆ ಡೀಸೆಲ್ ಜಾಸ್ತಿ, ಕಪ್ಪು ಹೊಗೆ ಜಾಸ್ತಿ, ಪುಲ್ಲಿಂಗೂ ಸ್ವಲ್ಪ ಜಾಸ್ತಿ. ಅದು ನಿಜ.

ನಿಮ್ಮಂಥ ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವ ಗಾಡಿಯಲ್ಲಿ, ಆ ಕೆಲಸ ಪಂಪಿನದ್ದಲ್ಲ. ಪಂಪ್ ರೈಲಿನಲ್ಲಿ ಒತ್ತಡ ತುಂಬುತ್ತದೆ, ಅಷ್ಟೇ. ಯಾವಾಗ ಎಷ್ಟು ಬಿಡಬೇಕು ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಹೇಳುತ್ತದೆ, ಇಂಜೆಕ್ಟರ್ ಇಂಜಿನ್ನಿನೊಳಗೆ ಬಿಡುತ್ತದೆ. ನಿಮ್ಮ ಮನೆಯ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ತುಂಬಿರುವಾಗ ಕೆಳಗೆ ಎಷ್ಟು ದೊಡ್ಡ ಮೋಟಾರ್ ಕೂರಿಸಿದರೂ ನಲ್ಲಿಯಲ್ಲಿ ನೀರು ಜೋರಾಗುತ್ತದಾ? ಇಲ್ಲ ಅಲ್ವಾ. ದೊಡ್ಡ ಇಂಜೆಕ್ಟರ್, ಬೇರೆ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತುವ ಭಾಗ), ಹೊಸ ಟ್ಯೂನಿಂಗ್ ಹಾಕಿ ರೇಸಿಗೆ ಓಡಿಸುವವರಿಗೆ ಮಾತ್ರ ಕಂಪನಿ ಪಂಪ್ ಸಾಲದೆ ಬರುತ್ತದೆ. ಲೋಡ್ ಹೊಡೆಯುವ ಗಾಡಿಗೆ ಆ ಮಾತೇ ಇಲ್ಲ.

ಈಗ ಅದೇ ಟ್ಯಾಂಕಿಗೆ ಇನ್ನೊಂದು ತೊಂದರೆ ಇದೆ ಅಂತ ಇಟ್ಟುಕೊಳ್ಳಿ. ಮನೆಯ ನಲ್ಲಿಗಳೆಲ್ಲ ಸೋರುತ್ತಿವೆ. ಮೋಟಾರ್ ಓಡುತ್ತಲೇ ಇದೆ, ಟ್ಯಾಂಕ್ ತುಂಬುವುದಿಲ್ಲ. ಸವೆದ ಇಂಜೆಕ್ಟರ್ ಮಾಡುವುದು ಇದನ್ನೇ. ಡೀಸೆಲನ್ನು ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪಿಗೆ ಬಿಟ್ಟುಬಿಡುತ್ತದೆ. ರೈಲಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ತಡ, ಏರಿನಲ್ಲಿ ಪುಲ್ಲಿಂಗ್ ಇಲ್ಲ, ಇಂಜಿನ್ ಲೈಟ್, ಆಮೇಲೆ ತೆವಳಾಟ. ನೀವು ಬರೆದದ್ದೆಲ್ಲ ಇದಕ್ಕೆ ಹೊಂದುತ್ತದೆ. ಪಂಪ್ ಸೋತರೂ ಇದೇ ಲಕ್ಷಣ. ಫಿಲ್ಟರ್ ಕಟ್ಟಿಕೊಂಡರೂ ಇದೇ ಲಕ್ಷಣ. ಹಾಗಾಗಿ ಲಕ್ಷಣ ನೋಡಿ ಪಂಪ್ ಬದಲಿಸುವವನು ಕತ್ತಲಲ್ಲಿ ಕಲ್ಲು ಹೊಡೆಯುತ್ತಿದ್ದಾನೆ. ಆ ಕಲ್ಲಿನ ದುಡ್ಡು ನಿಮ್ಮದು.

ಮಾಡಿಸಬೇಕಾದದ್ದು ಹೀಗೆ. ಫಿಲ್ಟರ್ ಬದಲಿಸಿ, ಅದರ ಕೆಳಗಿನ ನೀರು ತೆಗೆಸಿ. ಟ್ಯಾಂಕಿನಿಂದ ಬರುವ ಪೈಪಿನ ಮಧ್ಯೆ ಒಂದು ಪಾರದರ್ಶಕ ತುಂಡು ಪೈಪ್ ಹಾಕಿ, ಇಂಜಿನ್ ಓಡುವಾಗ ಗಾಳಿಗುಳ್ಳೆ ಬರುತ್ತದಾ ನೋಡಿ. ಒಬ್ಬ ರೈತರು ಎರಡು ಪಂಪ್ ಬದಲಿಸಿ, ಮೂರನೆಯದನ್ನು ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಿದ್ದರು. ತೊಂದರೆ ಇದ್ದದ್ದು ಸೀಳಿದ ಒಂದು ರಬ್ಬರ್ ಪೈಪಿನಲ್ಲಿ. ಪಂಪ್ ಡೀಸೆಲ್ ಬದಲು ಗಾಳಿ ಎಳೆಯುತ್ತಿತ್ತು. ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಆ ಎರಡು ಪಂಪಿನ ದುಡ್ಡು ಅವರ ಒಂದು ಬೆಳೆಯ ದುಡ್ಡು.

ಆಮೇಲೆ ಸ್ಕ್ಯಾನರ್ (ಇಸಿಯು ಮಾಹಿತಿ ಓದುವ ಯಂತ್ರ) ಹಾಕಿಸಿ. ಕೋಡ್ ಓದಿ ಮುಚ್ಚಿಡುವುದಲ್ಲ. ಲೋಡ್ ಇರುವಾಗ ಓಡಿಸಿ ನೋಡಬೇಕು. ಇಸಿಯು ಕೇಳುತ್ತಿರುವ ರೈಲ್ ಪ್ರೆಷರ್ ಎಷ್ಟು, ನಿಜವಾಗಿ ಸಿಗುತ್ತಿರುವುದು ಎಷ್ಟು? ಐಡ್ಲಿಂಗ್‌ನಲ್ಲಿ ಸುಮಾರು 250–300 ಬಾರ್ (ಒತ್ತಡದ ಅಳತೆ) ಇದ್ದು, ಏರು ಹತ್ತುವಾಗ 1,600 ಬಾರ್ ಕೇಳುವ ಗಾಡಿಗಳಿವೆ. ಕೇಳಿದ್ದು ಸಿಗುತ್ತಿದ್ದರೆ ಪಂಪಿನ ಮಾತು ಅಲ್ಲಿಗೆ ಮುಗಿಯಿತು. ಟರ್ಬೊದಿಂದ ಬರುವ ಪೈಪ್ ಸೀಳಿದೆಯಾ, ಇಜಿಆರ್ (ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್) ಕಟ್ಟಿದೆಯಾ, ಕ್ಲಚ್ ಜಾರುತ್ತಿದೆಯಾ ನೋಡಿ. ಸಿಗದಿದ್ದರೆ ಇಂಜೆಕ್ಟರ್‌ಗಳ ರಿಟರ್ನ್ ಟೆಸ್ಟ್. ಒಂದೊಂದು ಇಂಜೆಕ್ಟರ್‌ನ ರಿಟರ್ನಿಗೂ ಒಂದೊಂದು ಬಾಟಲಿ ಕಟ್ಟಿ ಯಾವುದರಲ್ಲಿ ಬೇಗ ತುಂಬುತ್ತದೆ ಅಂತ ನೋಡುವುದು. ಇಷ್ಟನ್ನೂ ಮಾಡದೆ ಪಂಪಿಗೆ ಸ್ಪ್ಯಾನರ್ ಹಾಕುವವರ ಹತ್ತಿರ ಗಾಡಿ ಬಿಡಬೇಡಿ.

ಕೊನೆಗೆ ಪಂಪೇ ಸೋತಿದೆ ಅಂತ ಗೊತ್ತಾಯಿತು ಅನ್ನಿ. ಆಗ ನಿಮ್ಮ ಪಂಪಿನ ಮೈಮೇಲಿರುವ ಪಾರ್ಟ್ ನಂಬರ್ ನೋಡಿ, ಅದೇ ನಂಬರಿನದ್ದು ತನ್ನಿ. ನೋಡಲು ಒಂದೇ ಥರ ಇದ್ದರೆ ಸಾಲದು. ಹೊಸದಕ್ಕೆ ದುಡ್ಡಿಲ್ಲದಿದ್ದರೆ ರೀಕಂಡೀಷನ್ ಆಗಬಹುದು. ಆದರೆ ಕಾಮನ್ ರೈಲ್ ಟೆಸ್ಟ್ ಬೆಂಚ್ ಇರುವ ಅಂಗಡಿಯಲ್ಲಿ, ಟೆಸ್ಟ್ ರಿಪೋರ್ಟ್ ಕೈಗೆ ಕೊಟ್ಟರೆ ಮಾತ್ರ. ಗುಜರಿ ಪಂಪ್ ಬೇಡವೇ ಬೇಡ. ಅದರೊಳಗೆ ಯಾವ ಡೀಸೆಲ್, ಎಷ್ಟು ನೀರು ಹೋಗಿತ್ತೋ ಯಾರಿಗೆ ಗೊತ್ತು? ಒಳಗಿನ ಸಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಲೆಕ್ಕದ್ದು.

ಇನ್ನೊಂದು ಮಾತು. ಹಳೇ ಪಂಪ್ ಬಿಚ್ಚಿದಾಗ ಫಿಲ್ಟರ್ ಬೌಲಿನಲ್ಲಿ, ಪಂಪಿಗೆ ಹೋಗುವ ಡೀಸೆಲ್ ಅಳೆಯುವ ಮೀಟರಿಂಗ್ ವಾಲ್ವಿನಲ್ಲಿ ಮಿನುಗುವ ಕಬ್ಬಿಣದ ಪುಡಿ ಕಂಡರೆ ಪಂಪ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಆ ಪುಡಿ ರೈಲಿಗೆ, ಇಂಜೆಕ್ಟರ್‌ಗೆ, ರಿಟರ್ನ್ ಮೂಲಕ ಟ್ಯಾಂಕಿಗೂ ಹೋಗಿರುತ್ತದೆ. ಎಲ್ಲವನ್ನೂ ತೊಳೆಸಬೇಕು, ಕೆಟ್ಟದ್ದನ್ನು ಬದಲಿಸಬೇಕು. ಇಲ್ಲದಿದ್ದರೆ ಹೊಸ ಪಂಪೂ ಉಳಿಯುವುದಿಲ್ಲ. ಹೊಸ ಪಂಪಿಗೆ ಡೀಸೆಲ್ ತುಂಬಿಸಿಯೇ ಸೆಲ್ಫ್ ಹೊಡೆಯಿರಿ. ಡೀಸೆಲ್ಲೇ ಅದಕ್ಕೆ ಎಣ್ಣೆ, ಅದನ್ನು ತಣ್ಣಗಿಡುವುದೂ ಡೀಸೆಲ್ಲೇ.

ಹಾಗೇ ಕೇಳುತ್ತೇನೆ, ಬೇಜಾರಾಗಬೇಡಿ. ಎಷ್ಟು ಲೋಡ್ ಹಾಕುತ್ತೀರಿ? 1.7 ಟನ್ನಿನ ಗಾಡಿಗೆ 3 ಟನ್ ಹೇರಿದರೆ ಘಾಟಿನಲ್ಲಿ ಯಾವ ಪಂಪೂ ಕೈ ಹಿಡಿಯುವುದಿಲ್ಲ. ಇಳಿಯುವಾಗ ಬ್ರೇಕೂ ಹಿಡಿಯುವುದಿಲ್ಲ. ನನಗೆ ಹೆದರಿಕೆ ಇರುವುದು ಅದರದ್ದೇ.

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇನೆ. 2013ರ ಡ್ಯೂರಾಮ್ಯಾಕ್ಸ್ ಡೀಸೆಲ್ ಇಂಜಿನ್ನಿನ ಪಿಕಪ್ ಇದೆ, ಟ್ರೈಲರ್ ಎಳೆಯುತ್ತೇನೆ. ಎಲ್ಲರೂ ಅದರ ಸಿಪಿ4 ಪಂಪ್ ತೆಗೆದು ಬಾಷ್‌ನ ಹಳೇ ಮಾದರಿಯ ಸಿಪಿ3 ಪಂಪ್ ಹಾಕಿಸು ಅನ್ನುತ್ತಾರೆ. ಇದೂ ಸುಳ್ಳಾ?

ಸುಳ್ಳಲ್ಲ. ನಿಮ್ಮಲ್ಲಿ ಕಾರಣ ಬೇರೆ. ಅದು ಪವರ್‌ಗಾಗಿ ಮಾಡುವ ಕೆಲಸ ಅಲ್ಲ, ಇಂಜಿನ್ ಉಳಿಸಿಕೊಳ್ಳಲು ಮಾಡುವುದು. ಸಿಪಿ4ನಲ್ಲಿ ಕ್ಯಾಮ್ ಮೇಲೆ ಉರುಳುವ ರೋಲರ್ ಅಡ್ಡ ತಿರುಗಿದರೆ ಉಜ್ಜಲು ಶುರುವಾಗಿ ಪುಡಿ ಎಲ್ಲ ಕಡೆ ಹೋಗುತ್ತದೆ. ಅಮೆರಿಕದ ಡೀಸೆಲ್‌ಗೆ ಜಾರಿಕೆಯ ಗುಣದ ಮಿತಿಯೂ ಸಡಿಲ. ಸವೆತದ ಪರೀಕ್ಷೆಯಲ್ಲಿ ಲೋಹದ ಮೇಲೆ ಬೀಳುವ ಸವೆದ ಗುರುತು ಅಲ್ಲಿ 520 ಮೈಕ್ರಾನ್‌ವರೆಗೆ ಇದ್ದರೆ ಒಪ್ಪುತ್ತಾರೆ, ಯುರೋಪಿನಲ್ಲಿ 460. 2019–20ರ ರ‍್ಯಾಮ್ ಕಮ್ಮಿನ್ಸ್ ಡೀಸೆಲ್ ಪಿಕಪ್‌ಗಳಿಗೆ ಸಿಪಿ4 ಹಾಕಿದ್ದ ಕಂಪನಿಯೇ ಆಮೇಲೆ ಸಿಪಿ3ಗೆ ಮರಳಿತು. ನಿಮ್ಮ ಮಾಡೆಲ್‌ಗೆ ಕಂಪನಿಯಿಂದ ಲಿಫ್ಟ್ ಪಂಪೇ (ಟ್ಯಾಂಕಿನಿಂದ ಡೀಸೆಲ್ ತಳ್ಳಿಕೊಡುವ ಪಂಪ್) ಇಲ್ಲ. ಹೈಪ್ರೆಷರ್ ಪಂಪೇ ಟ್ಯಾಂಕಿನಿಂದ ಎಳೆದುಕೊಳ್ಳಬೇಕು. ಹಾಗಾಗಿ ಮೊದಲು ಒಳ್ಳೆಯ ಫಿಲ್ಟರ್ ಮತ್ತು ನೀರು ಬೇರ್ಪಡಿಸುವ ವ್ಯವಸ್ಥೆ ಇರುವ ಲಿಫ್ಟ್ ಪಂಪ್ ಹಾಕಿಸಿ. ಗಾಡಿಯನ್ನು ಇನ್ನೂ ಬಹಳ ವರ್ಷ ಇಟ್ಟುಕೊಳ್ಳುವುದಿದ್ದರೆ ಮಾತ್ರ ಸಿಪಿ3. ಅದೂ ಹೊಗೆ ನಿಯಂತ್ರಣದ ಭಾಗ ತೆಗೆಯಲು ಹೇಳದ ಕಿಟ್ ನೋಡಿ ತೆಗೆದುಕೊಳ್ಳಿ.

ಪ್ರಶ್ನೆ: ರೈಲ್ ಒತ್ತಡ ಅಳೆಯುವ ಸೆನ್ಸರ್ ವೈರಿಗೆ ರೆಸಿಸ್ಟರ್ ಹಾಕಿ ಪವರ್ ಏರಿಸಿಕೊಡುತ್ತಾರಂತೆ. ಮಾಡಿಸಬಹುದಾ?

ಬೇಡ. ಅದು ಇಸಿಯುಗೆ ಸುಳ್ಳು ಹೇಳುವ ಕೆಲಸ. ಒತ್ತಡ ಕಡಿಮೆ ಇದೆ ಅಂದುಕೊಂಡು ಅದು ಮಿತಿ ಮೀರಿ ಏರಿಸುತ್ತದೆ. ಹೀಗೆ ಮಾಡುವವರನ್ನು ಮೆಕ್ಯಾನಿಕ್ ಅಂತ ಕರೆಯಬೇಡಿ.

ಪ್ರಶ್ನೆ: ಬಿಎಸ್6 ಡೀಸೆಲ್‌ನಲ್ಲಿ ಗಂಧಕ ಇಲ್ಲ, ಪಂಪ್ ಒಣಗುತ್ತೆ, ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಅಂತಾರೆ.

ಗಂಧಕವನ್ನು 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಭಾಗಕ್ಕೆ) ಇಳಿಸುವಾಗ ಕಳೆದುಹೋಗುವ ಜಾರಿಕೆಗೆ ಬೇಕಾದದ್ದನ್ನು ಬೆರೆಸಿಯೇ ಬಂಕಿಗೆ ಕಳಿಸುತ್ತಾರೆ. ನೀವು ಬೆರೆಸಿದ ಆಯಿಲಿನ ಬೂದಿ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂರುತ್ತದೆ. ಸೀಮೆಎಣ್ಣೆ ಬೆರೆಸುವುದು ಇನ್ನೂ ಕೆಟ್ಟದ್ದು. ಅದು ಪಂಪಿಗೆ ನೇರ ವಿಷ.

ಪ್ರಶ್ನೆ: ಗಾಳಿ ತೆಗೆಯಲು ಇಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಬಹುದಾ? ಹಳೇ ಗಾಡಿಗೆ ಹಾಗೇ ಮಾಡುತ್ತಿದ್ದೆವು.

ಕಾಮನ್ ರೈಲ್ ಗಾಡಿಗೆ ಯಾವತ್ತೂ ಮಾಡಬೇಡಿ. ಕಾರಿನ ಟೈರಿನಲ್ಲಿರುವುದು ಎರಡೂವರೆ ಬಾರ್‌ಗಿಂತ ಕಡಿಮೆ. ಇಲ್ಲಿ ನೂರಾರು, ಸಾವಿರಾರು ಬಾರ್. ಚಿಮ್ಮುವ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ನೋವೂ ಮೊದಲು ಜಾಸ್ತಿ ಇರುವುದಿಲ್ಲ. ಒಳಗೆ ಮಾಂಸ ಸಾಯುತ್ತಾ ಹೋಗಿ ಬೆರಳನ್ನೇ ತೆಗೆಯಬೇಕಾಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಡೀಸೆಲ್ ಒತ್ತಡದಲ್ಲಿ ಚರ್ಮದೊಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.