ತಂತಿ ಕಳಿಸಿ, ಬಂದೂಕಿನವನು ಬರುತ್ತಾನೆ

ಪ್ರಶ್ನೆ: ಮೊಮ್ಮಗ ‘ಹ್ಯಾವ್ ಗನ್ ವಿಲ್ ಟ್ರಾವೆಲ್’ ಎಂಬ ಹಳೆಯ ಅಮೆರಿಕನ್ ಧಾರಾವಾಹಿಯ ‘ಜೆನೆಸಿಸ್’ ಎಂಬ ಕಂತನ್ನು ತೋರಿಸಿದ. ಕೊಲ್ಲುವವನೂ ಸಾಯುವವನೂ ಒಬ್ಬನೇ ನಟನಂತೆ ಕಂಡಿತು. ದೋಷ ನನ್ನ ಕಣ್ಣಿನದೋ, ಅಥವಾ ಅವರು ಒಬ್ಬ ನಟನ ಸಂಬಳ ಉಳಿಸಿದರೋ? (ಸಾಗರದ ಓದುಗರು)

ಉತ್ತರ: ನಿಮ್ಮ ಕಣ್ಣು ಚೆನ್ನಾಗಿಯೇ ಇದೆ. ಎರಡೂ ಪಾತ್ರ ರಿಚರ್ಡ್ ಬೂನ್ ಅವರದೇ. ಕಂತಿನ ಜೀವವಿರುವುದೂ ಅಲ್ಲೇ.

ಈ ಧಾರಾವಾಹಿ 1957ರಿಂದ 1963ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶನಿವಾರ ರಾತ್ರಿ ಬರುತ್ತಿತ್ತು. ಒಟ್ಟು 225 ಕಂತು, ಒಂದೊಂದೂ ಅರ್ಧ ಗಂಟೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. ನಮಗೆಲ್ಲ ಇದು ಎರಡನೇ ಪಂಕ್ತಿಯ ಊಟ. ನಾನು ನೋಡಿದ್ದು ಮಗಳ ಮನೆಯಲ್ಲಿ, ಹೋದ ವರ್ಷ, ಈ ಕಂತನ್ನು ಒಂದೇ ವಾರದಲ್ಲಿ ಎರಡು ಸಲ. ಎರಡನೇ ಸಲ ಅಳಿಯಂದಿರು ಎದ್ದು ಹೋದರು.

ನಾಯಕ ಪ್ಯಾಲಡಿನ್, ಬಾಡಿಗೆ ಬಂದೂಕುಗಾರ. ಸ್ಯಾನ್ ಫ್ರಾನ್ಸಿಸ್ಕೊದ ಕಾರ್ಲ್‌ಟನ್ ಹೋಟೆಲಿನಲ್ಲಿ ವಾಸ. ರೇಷ್ಮೆ ಅಂಗಿ, ಒಳ್ಳೆಯ ಊಟ, ಚದುರಂಗ, ಬಾಯಲ್ಲಿ ಷೇಕ್ಸ್‌ಪಿಯರ್. ಕೆಲಸ ಒಪ್ಪಿಕೊಂಡನೆಂದರೆ ಮೈತುಂಬ ಕಪ್ಪು ಬಟ್ಟೆ, ಸೊಂಟದ ಬಂದೂಕಿನ ಚೀಲದ ಮೇಲೆ ಬೆಳ್ಳಿಯ ಕುದುರೆ. ಸಾಮಾನ್ಯವಾಗಿ ಸಾವಿರ ಡಾಲರ್ ಸಂಭಾವನೆ. ಗಿರಾಕಿಗಳಿಗೆ ಕೊಡಲು ಚದುರಂಗದ ಕುದುರೆಯ ಚಿತ್ರವಿರುವ ಕಾರ್ಡು, ಅದರಲ್ಲಿ ವಿಳಾಸವೆಂದರೆ ‘ಪ್ಯಾಲಡಿನ್, ಸ್ಯಾನ್ ಫ್ರಾನ್ಸಿಸ್ಕೊ’ ಅಷ್ಟೇ. ಐದು ವರ್ಷ ಜನ ಇಷ್ಟನ್ನೇ ನೋಡಿದರು. ಈತ ಯಾರು, ಆ ಕಪ್ಪು ಬಟ್ಟೆ ಎಲ್ಲಿಂದ ಬಂತು ಎಂದು ಯಾರೂ ಹೇಳಿರಲಿಲ್ಲ. ಕೊನೆಯ ವರ್ಷದ ಮೊದಲ ಕಂತಾಗಿ 1962ರ ಸೆಪ್ಟೆಂಬರಿನಲ್ಲಿ ಬಂದದ್ದೇ ‘ಜೆನೆಸಿಸ್’. ಕನ್ನಡ ಬೈಬಲ್ಲಿನಲ್ಲಿ ಇದೇ ಹೆಸರಿನ ಭಾಗ ‘ಆದಿಕಾಂಡ’. ಮುಗಿಯುವ ಹೊತ್ತಿಗೆ ಆದಿಯನ್ನು ಹೇಳಿದರು, ನೋಡಿ.

ಜೂಜಿನ ಸಾಲ ತೀರಿಸಲು ಪ್ಯಾಲಡಿನ್‌ನನ್ನು ಕೊಲ್ಲಬೇಕಾಗಿ ಬಂದ ಹುಡುಗನೊಬ್ಬ ಹೋಟೆಲಿನ ಕೋಣೆಯಲ್ಲಿ ಸಿಕ್ಕಿಬೀಳುತ್ತಾನೆ. ಪೊಲೀಸರನ್ನು ಕರೆಯುವ ಬದಲು ಪ್ಯಾಲಡಿನ್ ಅವನಿಗೆ ತನ್ನ ಕಥೆ ಹೇಳುತ್ತಾನೆ. ಯೌವನದಲ್ಲಿ ತಾನೂ ನಾರ್ಜ್ ಎಂಬ ಧನಿಕನಿಗೆ ಜೂಜಿನಲ್ಲಿ ಸೋತಿದ್ದ. ಸ್ಮೋಕ್ ಎಂಬ ಬಂದೂಕುಗಾರನನ್ನು ಕೊಂದರೆ ಸಾಲ ಮನ್ನಾ ಎಂದ ನಾರ್ಜ್. ಹೊರಟವನನ್ನು ಸ್ಮೋಕ್ ಸುಲಭವಾಗಿ ಸೆರೆ ಹಿಡಿಯುತ್ತಾನೆ. ಸ್ಮೋಕ್ ಕಪ್ಪು ಬಟ್ಟೆಯವನು, ಕೆಮ್ಮಿ ಕೆಮ್ಮಿ ಸೊರಗಿದವನು. ತನ್ನನ್ನು ಕೊಲ್ಲಲು ಬಂದವನಿಗೆ ಬಂದೂಕಿನ ವಿದ್ಯೆಯನ್ನು ತಾನೇ ಕಲಿಸುತ್ತಾನೆ. ನ್ಯಾಯದ ಕವಚ ತೊಟ್ಟು ಹೊರಟ ವೀರಾಧಿವೀರ ಎಂದು ಅಣಕಿಸಿ ‘ಪ್ಯಾಲಡಿನ್’ ಎಂಬ ಹೆಸರನ್ನೂ ಇಡುತ್ತಾನೆ. ಷಾರ್ಲ್‌ಮೇನ್ ದೊರೆಯ ಹನ್ನೆರಡು ವೀರರನ್ನು ಕರೆಯುತ್ತಿದ್ದ ಪದ ಅದು. ಅಂದರೆ ನಾವು ಬಿರುದೆಂದುಕೊಂಡದ್ದು ಮೂಲದಲ್ಲಿ ಬೈಗುಳ. ಅವನ ನಿಜ ಹೆಸರು ಕೊನೆಯ ಕಂತಿನವರೆಗೂ ಹೊರಬೀಳುವುದಿಲ್ಲ.

ಕೊನೆಗೆ ಶಿಷ್ಯ ಗುರುವನ್ನು ಹೊಡೆದುರುಳಿಸುತ್ತಾನೆ. ಸ್ಮೋಕ್ ಇದ್ದ ಊರನ್ನು ನಾರ್ಜ್‌ನಿಂದ ಕಾಯುತ್ತಿದ್ದವನು ಅವನೊಬ್ಬನೇ ಎಂಬುದು ತಿಳಿಯುವುದು ಗುಂಡು ಹಾರಿದ ಮೇಲೆ. ಆಗ ಇವನು ಸತ್ತವನ ಕಪ್ಪು ಬಟ್ಟೆಯನ್ನು ತಾನು ತೊಟ್ಟು ಊರಿನ ಕಾವಲಿಗೆ ನಿಲ್ಲುತ್ತಾನೆ.

ಹಳಗನ್ನಡ ಕಾವ್ಯದ ‘ಜೋಳದ ಪಾಳಿ’ ನಿಮಗೆ ನೆನಪಿರಬೇಕು. ಉಂಡ ಅನ್ನಕ್ಕೆ ಪ್ರಾಣ ಕೊಟ್ಟು ಋಣ ತೀರಿಸುವ ವೀರರ ಮಾತು ಅದು. ಈ ಯುವ ಪ್ಯಾಲಡಿನ್ ಉಂಡದ್ದು ಅನ್ನವಲ್ಲ, ಇಸ್ಪೀಟಿನ ಸಾಲ. ಅದನ್ನು ತೀರಿಸಲು ಹೋಗಿ ಇನ್ನೂ ದೊಡ್ಡ ಸಾಲವನ್ನು ಮೈಮೇಲೆ ಹಾಕಿಕೊಂಡ. ಹಿಂದಿನ ಐದು ವರ್ಷ ನಾವು ಠೀವಿಯೆಂದು ಮೆಚ್ಚಿದ ಕಪ್ಪು ಬಟ್ಟೆ ಸೂತಕದ ಬಟ್ಟೆ! ಇದಾದ ಮೇಲೆ ಹಳೆಯ ಕಂತುಗಳನ್ನು ಹಾಕಿದರೆ ಆ ಬಟ್ಟೆ ತೊಟ್ಟು ಅವನು ಹೋಟೆಲಿನ ಮೆಟ್ಟಿಲಿಳಿಯುವುದೇ ಬೇರೆ ರೀತಿ ಕಾಣುತ್ತದೆ. ಎರಡು ಪಾತ್ರವನ್ನೂ ಬೂನ್ ಅವರಿಗೇ ಕೊಟ್ಟದ್ದರಿಂದ, ಅವನು ಗುಂಡು ಹೊಡೆದದ್ದು ತನ್ನ ಮುಪ್ಪಿಗೇ ಎಂಬಂತಾಗುತ್ತದೆ. ಬರೆದವರು ಧಾರಾವಾಹಿಯ ಜನಕರಲ್ಲೊಬ್ಬರಾದ ಸ್ಯಾಮ್ ರೋಲ್ಫ್. ನಾರ್ಜ್‌ನ ಪಾತ್ರ ಮಾಡಿದ ವಿಲಿಯಂ ಕಾನ್ರಾಡ್ ಅವರದೇ ನಿರ್ದೇಶನ. ಅರ್ಧ ಗಂಟೆಯಲ್ಲಿ ಇಷ್ಟು! ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಅತ್ತೆ ತಿರುಗಿ ನೋಡುವುದಕ್ಕೇ ಅಷ್ಟು ಹೊತ್ತು ಬೇಕು.

ಪ್ರಶ್ನೆ: ಬಾಡಿಗೆ ಬಂದೂಕುಗಾರ ಎಂದರೆ ನಮ್ಮ ಪತ್ರಿಕೆಗಳ ‘ಸುಪಾರಿ ಹಂತಕ’ ತಾನೇ? ಅಂಥವರು ಅಲ್ಲಿ ನಿಜಕ್ಕೂ ಇದ್ದರೇ? (ಹಾಸನದ ಓದುಗರು)

ಉತ್ತರ: ಇದ್ದರು. ಅವರು ಪ್ಯಾಲಡಿನ್‌ಗಿಂತ ನಿಮ್ಮ ಸುಪಾರಿಯವರಿಗೇ ಹತ್ತಿರ. 1892ರ ಏಪ್ರಿಲ್‌ನಲ್ಲಿ ವಯೋಮಿಂಗ್‌ನ ದೊಡ್ಡ ದನಗಾವಲಿನ ಧಣಿಗಳು ಟೆಕ್ಸಾಸ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಬಂದೂಕುಗಾರರನ್ನು ಕೂಲಿಗೆ ಕರೆಸಿ, ವಿಶೇಷ ರೈಲಿನಲ್ಲಿ ಜಾನ್ಸನ್ ಕೌಂಟಿಯ ಕಡೆಗೆ ಕಳಿಸಿದರು. ದನಗಳ್ಳರನ್ನು ಮುಗಿಸುತ್ತೇವೆ ಎಂಬುದು ನೆಪ, ಸಣ್ಣ ರೈತರನ್ನು ಓಡಿಸುವುದು ಉದ್ದೇಶ. ನೇಟ್ ಚಾಂಪಿಯನ್ ಎಂಬ ಸಣ್ಣ ದನಗಾಹಿ ಮುತ್ತಿಗೆಯ ನಡುವೆ ಮರದ ಗುಡಿಸಲಿನೊಳಗೆ ಒಬ್ಬನೇ ಹಗಲಿಡೀ ಕಾದಾಡಿದ. ಕಾದಾಡುತ್ತಲೇ ದಿನಚರಿ ಬರೆದ. ಗುಡಿಸಲಿಗೆ ಬೆಂಕಿ ಹಚ್ಚಿ, ಹೊರಗೆ ಓಡಿದವನನ್ನು ಕೊಂದರು. ಊರವರು ಎದ್ದು ಕೊಲೆಗಾರರನ್ನೇ ಮುತ್ತಿದಾಗ ಅವರನ್ನು ಬಿಡಿಸಲು ಸರ್ಕಾರಿ ಸೈನ್ಯ ಬಂತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಅದೇ ರಾಜ್ಯದ ಇನ್ನೊಬ್ಬ ಬಾಡಿಗೆ ಬಂದೂಕುಗಾರ ಟಾಮ್ ಹಾರ್ನ್‌ನನ್ನು ಮಾತ್ರ, ಹದಿನಾಲ್ಕರ ಹುಡುಗನೊಬ್ಬನ ಕೊಲೆಗಾಗಿ, 1903ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿದರು.

ಪ್ರಶ್ನೆ: ಪ್ಯಾಲಡಿನ್ ಪಾತ್ರ ಕದ್ದ ಮಾಲು ಎಂದು ಓದಿದೆ. ಹೌದೇ? (ಮೈಸೂರಿನ ಓದುಗರು)

ಉತ್ತರ: ರೋಡ್ ಐಲೆಂಡ್ ರಾಜ್ಯದ ಕ್ರಾನ್‌ಸ್ಟನ್ ಊರಿನ ಮೆಕ್ಯಾನಿಕ್ ವಿಕ್ಟರ್ ಡಿಕೋಸ್ಟಾ ಹಾಗೆಂದೇ ಮೊಕದ್ದಮೆ ಹೂಡಿದ. 1947ರಿಂದಲೇ ಅವನು ಕಪ್ಪು ಬಟ್ಟೆ ತೊಟ್ಟು, ಪ್ಯಾಲಡಿನ್ ಎಂಬ ಹೆಸರಿನಲ್ಲೇ ಕುದುರೆಯಾಟದ ಮೇಳಗಳಿಗೆ ಹೋಗುತ್ತಿದ್ದ, ಚದುರಂಗದ ಕಾಯಿಯ ಚಿತ್ರವಿರುವ ಕಾರ್ಡು ಹಂಚುತ್ತಿದ್ದ. ಜ್ಯೂರಿ ಅವನ ಪರ ನಿಂತಿತು. ಮೇಲಿನ ನ್ಯಾಯಾಲಯ 1967ರಲ್ಲಿ ಅದನ್ನು ತಳ್ಳಿಹಾಕಿತು. ಮತ್ತೆ ಹೋರಾಡಿದ, ಮತ್ತೆ ಜ್ಯೂರಿ ಪರಿಹಾರ ಕೊಡಿಸಿತು, 1992ರಲ್ಲಿ ಅದೂ ರದ್ದಾಯಿತು. ಕಾನೂನು ನನಗೆ ಅರ್ಥವಾಗುವುದಿಲ್ಲ. ಹೊಟ್ಟೆಯೊಳಗಿನ ಮಾತು ಕೇಳುವಿರಾದರೆ, ನಾನು ಡಿಕೋಸ್ಟಾನ ಕಡೆ.

ಪ್ರಶ್ನೆ: ಪ್ಯಾಲಡಿನ್‌ನ ಕಾರ್ಡಿನ ಮೇಲಿರುವುದು ಕುದುರೆಯೋ, ಸವಾರನೋ? (ಧಾರವಾಡದ ಓದುಗರು)

ಉತ್ತರ: ನಮ್ಮ ಚದುರಂಗದಲ್ಲಿ ಅದು ಕುದುರೆ, ಅವರಲ್ಲಿ ಅದು ‘ನೈಟ್’, ಅಂದರೆ ಕುದುರೆಯೇರಿದ ವೀರ. ಚಿತ್ರದಲ್ಲಿ ಸವಾರ ಕಾಣುವುದಿಲ್ಲ, ಹೆಸರಿನಲ್ಲಿ ಮಾತ್ರ ಇದ್ದಾನೆ.

ಪ್ರಶ್ನೆ: ತಾವು ತಂತಿ ಕಚೇರಿಯಲ್ಲಿದ್ದವರು. ಬರೀ ‘ಪ್ಯಾಲಡಿನ್, ಸ್ಯಾನ್ ಫ್ರಾನ್ಸಿಸ್ಕೊ’ ಎಂದರೆ ತಂತಿ ತಲುಪುತ್ತಿತ್ತೇ? (ಶಿವಮೊಗ್ಗದ ಓದುಗರು)

ಉತ್ತರ: ಮೂವತ್ತೊಂದು ವರ್ಷದ ಸೇವೆಯಲ್ಲಿ ಯಾರೂ ಕೇಳದ ಒಳ್ಳೆಯ ಪ್ರಶ್ನೆ. ಅವನ ಕಾರ್ಡಿನಲ್ಲಿದ್ದದ್ದು ‘ಬಂದೂಕಿದೆ, ಬರುತ್ತೇನೆ, ತಂತಿ ಕಳಿಸಿ’ ಎಂಬುದರ ಜೊತೆಗೆ ಹೆಸರು, ಊರು. ಇಂಗ್ಲಿಷಿನಲ್ಲಿ ಎಂಟೇ ಪದ. ಪದಕ್ಕಿಷ್ಟು ಎಂದು ಕಾಸು ಎಣಿಸಿಕೊಂಡ ನನ್ನಂಥವನಿಗೆ ಇದಕ್ಕಿಂತ ಚೆಂದದ ಬರಹವಿಲ್ಲ. ನಮ್ಮಲ್ಲಿ ವರ್ತಕರು ಶುಲ್ಕ ಕಟ್ಟಿ ಒಂದೇ ಪದದ ‘ತಂತಿ ವಿಳಾಸ’ವನ್ನು ನೋಂದಾಯಿಸುತ್ತಿದ್ದರು, ಹಳೆಯ ಬಟ್ಟೆ ಅಂಗಡಿಗಳ ರಸೀದಿಯ ತಲೆಯಲ್ಲಿ ಅದು ಈಗಲೂ ಸಿಗುತ್ತದೆ. ನೋಂದಾಯಿಸದೆ ಹೆಸರು, ಊರು ಮಾತ್ರ ಬರೆದಿದ್ದರೆ ನಮ್ಮ ಹಂಚುವವನು ಊರೆಲ್ಲ ಸುತ್ತಿ, ಸಂಜೆ ನನಗೇ ಬೈಯುತ್ತಿದ್ದ. ಡಿಕೋಸ್ಟಾ ಮಾತ್ರ ತನ್ನ ಕಾರ್ಡಿನಲ್ಲಿ ಬೀದಿಯ ಹೆಸರನ್ನೂ ಅಚ್ಚು ಹಾಕಿಸಿದ್ದ.