ಮೇಲ್ ಪ್ರೋಗ್ರಾಂನಿಂದ ತೆರೆದ ವಿಮ್‌ನಲ್ಲಿ ಕಂಟ್ರೋಲ್-ಸಿ ಒತ್ತಿದರೆ ಟರ್ಮಿನಲ್ ಏಕೆ ಗೊಂದಲಕ್ಕೀಡಾಗುತ್ತದೆ?

ಮಟ್ ಎಂಬ ಮೇಲ್ ಪ್ರೋಗ್ರಾಂನಿಂದ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳ ಕಡತ) ಮೂಲಕ ವಿಮ್ ಎಂಬ ಪಠ್ಯ ಎಡಿಟರ್ ತೆರೆದು, ಇನ್ಸರ್ಟ್ (ಪಠ್ಯ ಬರೆಯುವ) ಸ್ಥಿತಿಯಿಂದ ಹೊರಬರಲು ಕಂಟ್ರೋಲ್-ಸಿ ಒತ್ತಿದಾಗ ಮಟ್ ಮತ್ತು ವಿಮ್ ಎರಡೂ ಒಂದೇ ಟರ್ಮಿನಲ್‌ಗಾಗಿ ಕಿತ್ತಾಡುವುದೇಕೆ ಎಂಬುದು ನಿಮ್ಮ ಪ್ರಶ್ನೆ.

ಇಲ್ಲಿ ವಿಮ್‌ನ ತಪ್ಪೇನೂ ಇಲ್ಲ. ಆ ಕೀಲಿ ಒತ್ತಿದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸಿಗ್‌ಇಂಟ್ ಎಂಬ, ನಿಲ್ಲಲು ಹೇಳುವ ಸಿಗ್ನಲನ್ನು ವಿಮ್‌ಗೆ ಮಾತ್ರವಲ್ಲದೆ, ಮುನ್ನೆಲೆಯ ಪ್ರೋಸೆಸ್ ಗುಂಪಿನಲ್ಲಿರುವ ಎಲ್ಲದಕ್ಕೂ, ಅಂದರೆ ಮಟ್‌ಗೂ ಸ್ಕ್ರಿಪ್ಟ್ ನಡೆಸುವ ನಡುವಿನ ಶೆಲ್‌ಗೂ ಕಳಿಸುತ್ತದೆ. ವಿಮ್ ಅದನ್ನು ಹಿಡಿದು ತನ್ನ ಕೆಲಸ ಮುಂದುವರಿಸುತ್ತದೆ. ಎಡಿಟರ್ ಮುಗಿಯುವುದನ್ನು ಕಾಯುತ್ತಿರುವ ಮಟ್ ಅದನ್ನು ಕಡೆಗಣಿಸುತ್ತದೆ. ಶೆಲ್ ಮಾತ್ರ ಆ ಕ್ಷಣವೇ ಸತ್ತರೆ, ಎಡಿಟರ್ ಮುಗಿಯಿತೆಂದು ಮಟ್ ತಪ್ಪಾಗಿ ತಿಳಿದು ಕೀಲಿಗಳನ್ನು ಓದತೊಡಗುತ್ತದೆ, ವಿಮ್ ಇನ್ನೂ ಜೀವಂತವಾಗಿರುತ್ತದೆ. ಬ್ಯಾಶ್ ಎಂಬ ಶೆಲ್ ಹಾಗಲ್ಲ: ವಿಮ್ ಮುಗಿಯುವವರೆಗೆ ಕಾದು, ಅದು ಸಿಗ್‌ಇಂಟ್‌ನಿಂದಲೇ ಸತ್ತಿದ್ದರೆ ಮಾತ್ರ ತಾನೂ ಸಾಯುತ್ತದೆ, ನನ್ನ ದೃಷ್ಟಿಯಲ್ಲಿ ಪ್ರತಿಯೊಂದು ಶೆಲ್ ಅನುಸರಿಸಬೇಕಾದ ನಡತೆ ಇದೇ.

ಸ್ಕ್ರಿಪ್ಟ್‌ನ ಕೊನೆಯ ಸಾಲು ಎಡಿಟರ್ ತೆರೆಯುವುದೇ ಆಗಿದ್ದರೆ, ಅದರ ಮುಂದೆ ಎಕ್ಸೆಕ್ ಸೇರಿಸಿ, ಅದು ಶೆಲ್‌ನ ಜಾಗದಲ್ಲೇ ಎಡಿಟರನ್ನು ಓಡಿಸುತ್ತದೆ. ಆಗ ನಡುವೆ ಶೆಲ್ಲೇ ಉಳಿಯುವುದಿಲ್ಲ. ನಂತರವೂ ಕೆಲಸವಿದ್ದರೆ, ಸಿಗ್ನಲ್ ಬಂದಾಗ ಏನು ಮಾಡಬೇಕೆಂದು ಶೆಲ್‌ಗೆ ಹೇಳುವ ಟ್ರ್ಯಾಪ್ ಆಜ್ಞೆಯ ಮೂಲಕ ಸಿಗ್‌ಇಂಟ್‌ಗೆ ಏನೂ ಮಾಡದ ಕೋಲನ್ ಆಜ್ಞೆಯನ್ನು ಕೊಡಿ. ಖಾಲಿ ಸ್ಟ್ರಿಂಗ್ ಕೊಡಬೇಡಿ, ಏಕೆಂದರೆ ಹಾಗೆ ಕೊಟ್ಟರೆ ಶೆಲ್ ಸಿಗ್ನಲನ್ನು ಕಡೆಗಣಿಸುತ್ತದೆ, ಆ ಕಡೆಗಣಿಸುವ ಸ್ಥಿತಿಯು ಶೆಲ್ ಆರಂಭಿಸುವ ಪ್ರೋಗ್ರಾಂಗಳಿಗೂ ಹರಿದುಹೋಗುತ್ತದೆ. ಕೋಲನ್ ಕೊಟ್ಟಾಗ ಹಾಗಾಗುವುದಿಲ್ಲ.