ಹರಿತವಾದ ಬ್ಲೇಡ್ ಹಾಕಿದರೂ ಕತ್ತು ಉರಿಯುವುದೇಕೆ?

ಸೇಫ್ಟಿ ರೇಜರ್ (ಒಂದೇ ತೆಳು ಬ್ಲೇಡನ್ನು ಬದಲಿಸಿ ಹಾಕುವ ರೇಜರ್) ಮತ್ತು ಅದಕ್ಕೆ ಒಗ್ಗುವ ಬ್ಲೇಡ್ ಬಗ್ಗೆ ಓದುಗರು ಕೇಳಿದ ಕೆಲವು ಪ್ರಶ್ನೆಗಳು, ಅವಕ್ಕೆ ಉತ್ತರ.

ಪ್ರಶ್ನೆ: ಹಲವು ಅಲಗಿನ ಕಾರ್ಟ್ರಿಜ್ ರೇಜರ್ ಬಿಟ್ಟು ಈಚೆಗೆ ಸೇಫ್ಟಿ ರೇಜರ್ ಹಿಡಿದಿದ್ದೇನೆ. ಸ್ನೇಹಿತ ಬಳಸುವ ಬ್ಲೇಡನ್ನೇ ತಂದೆ. ತುಂಬಾ ಹರಿತ ಅಂತ ಎಲ್ಲರೂ ಹೊಗಳುವ ಬ್ಲೇಡ್ ಅದು. ಅವನಿಗೆ ಏನೂ ಆಗುವುದಿಲ್ಲ. ನನಗೆ ಕತ್ತಿನ ತುಂಬ ಉರಿ, ಕೆಂಪು ಚುಕ್ಕೆ. ಈ ಬ್ಲೇಡ್ ನನ್ನ ಚರ್ಮಕ್ಕೆ ಆಗಿಬರುವುದಿಲ್ಲವೇ?

ಒಂದು ಮುಖ್ಯ ವಿಷಯವನ್ನು ನೀವು ಬರೆದೇ ಇಲ್ಲ. ಸ್ನೇಹಿತರ ರೇಜರ್ ಯಾವುದು? ನಿಮ್ಮದು ಯಾವುದು? ಬ್ಲೇಡ್ ಒಂದೇ ಆದರೂ ರೇಜರ್ ಬೇರೆ ಇದ್ದರೆ ಶೇವ್ ಬೇರೆಯೇ ಆಗುತ್ತದೆ.

ಬ್ಲೇಡ್ ಅಂದರೆ ಸುಮಾರು 0.1 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ರೇಜರಿನ ಮೇಲಿನ ಮುಚ್ಚಳ, ಕೆಳಗಿನ ತಟ್ಟೆ ಎರಡೂ ಸೇರಿ ಅದನ್ನು ಬಗ್ಗಿಸಿ ಬಿಗಿಯಾಗಿ ಅದುಮಿ ಹಿಡಿಯಬೇಕು. ಆಗಲೇ ಅದು ಗಡ್ಡ ತೆಗೆಯುವ ಅಲಗಾಗುವುದು. ಹಾಗಾಗಿ ಬ್ಲೇಡಿನ ಗುಣದಲ್ಲಿ ರೇಜರಿನ ಪಾಲೂ ಇದೆ.

ರೇಜರಿನಲ್ಲಿ ನೋಡಬೇಕಾದ್ದು ಮೂರು. ಅಲಗಿಗೂ ಅದರ ಕೆಳಗಿನ ಸೇಫ್ಟಿ ಬಾರಿಗೂ (ತಟ್ಟೆಯ ಅಂಚಿನ ಪಟ್ಟಿ) ನಡುವೆ ಎಷ್ಟು ಸಂದು ಇದೆ ಅನ್ನುವುದು ಮೊದಲನೆಯದು. ಇದನ್ನೇ ಬ್ಲೇಡ್ ಗ್ಯಾಪ್ ಅನ್ನುತ್ತಾರೆ. ಮುಚ್ಚಳದ ಅಂಚಿಗೂ ಬಾರಿಗೂ ಮುಟ್ಟುವಂತೆ ಒಂದು ಗೆರೆ ಎಳೆದರೆ ಅಲಗು ಅದರಿಂದ ಎಷ್ಟು ಆಚೆ ಚಾಚಿದೆ ಅನ್ನುವುದು ಎರಡನೆಯದು. ಇದು ಎಕ್ಸ್‌ಪೋಶರ್. ಬ್ಲೇಡನ್ನು ಅಂಚಿನ ಎಷ್ಟು ಹತ್ತಿರದವರೆಗೆ ಬಿಗಿ ಹಿಡಿದಿದೆ ಅನ್ನುವುದು ಮೂರನೆಯದು.

ಜನ ಗ್ಯಾಪ್ ಒಂದನ್ನೇ ಹಿಡಿದುಕೊಂಡು ಮಾತಾಡುತ್ತಾರೆ, ಯಾಕಂದ್ರೆ ಅದನ್ನು ಅಳೆಯುವುದು ಸುಲಭ. ನನ್ನ ಪ್ರಕಾರ ಚರ್ಮಕ್ಕೆ ಹೆಚ್ಚು ತಿಳಿಯುವುದು ಉಳಿದೆರಡು. ಗ್ಯಾಪ್ ಸಣ್ಣದಿದ್ದೂ ಅಲಗು ಆಚೆ ಚಾಚಿದ್ದರೆ ಆ ರೇಜರ್ ಸಾಧು ಅಲ್ಲ. ಹಿಡಿತ ಸಡಿಲ ಇದ್ದರಂತೂ ಗಟ್ಟಿ ಕೂದಲು ಎದುರಾದಾಗ ಬ್ಲೇಡಿನ ಅಂಚು ಕಂಪಿಸುತ್ತದೆ. ಕೂದಲನ್ನು ಒಂದೇ ಸಲಕ್ಕೆ ಕತ್ತರಿಸದೆ ಎಳೆದೆಳೆದು ಬಿಡುತ್ತದೆ. ನಿಮಗೆ ಉರಿ ಅನ್ನಿಸುವುದರಲ್ಲಿ ಎಷ್ಟೋ ಪಾಲು ಈ ಎಳೆದಾಟ.

ಇನ್ನು ಬ್ಲೇಡಿನ ವಿಷಯ. ಹರಿತ ಬೇರೆ, ನಯ ಬೇರೆ. ಅಲಗಿನ ತುದಿ ಎಷ್ಟು ತೆಳು ಅನ್ನುವುದರಿಂದ ಹರಿತ ಬರುತ್ತದೆ. ತುದಿ ಎಷ್ಟು ಏಕಸಮ ಇದೆ, ಅದರ ಮೇಲಿನ ಲೇಪ ಹೇಗಿದೆ ಅನ್ನುವುದರಿಂದ ನಯ ಬರುತ್ತದೆ. ಪೊಟ್ಟಣದ ಮೇಲೆ ಪ್ಲಾಟಿನಂ, ಕ್ರೋಮಿಯಂ ಅಂತ ಬರೆದಿರುತ್ತಾರಲ್ಲ, ಅವು ತುದಿ ಬಾಳಿಕೆ ಬರಲಿ ಅಂತ ಹಾಕುವ ತೆಳು ಲೇಪಗಳು. ಅದರ ಮೇಲೆ ಸಾಮಾನ್ಯವಾಗಿ ಪಿಟಿಎಫ್‌ಇ, ಅಂದರೆ ಅಂಟದ ಬಾಣಲೆಗೆ ಹಾಕುವ ಜಾತಿಯ ಲೇಪ ಇರುತ್ತದೆ. ಅಲಗು ಜಾರುವುದು ಅದರಿಂದ.

ಜಪಾನಿನ ಫೆದರ್ ಬ್ಲೇಡ್ ಹರಿತಕ್ಕೆ ಹೆಸರುವಾಸಿ. ಟರ್ಕಿಯ ಡರ್ಬಿ ಎಕ್ಸ್‌ಟ್ರಾ ಮೆದು ಅಂತ ಹೆಸರು ಪಡೆದಿದೆ. ಆಸ್ಟ್ರಾ ಸುಪೀರಿಯರ್ ಪ್ಲಾಟಿನಂ ನಡುವಿನದು, ಬಹಳ ಜನಕ್ಕೆ ಒಗ್ಗುತ್ತದೆ. ಆದರೆ ಈ ಹೆಸರುಗಳನ್ನೇ ನಂಬಿ ಕೂರಬೇಡಿ.

ಜೋಡಿ ಮಾಡುವಾಗ ನಾನು ಹೇಳುವುದು ಇಷ್ಟು. ರೇಜರ್ ಸಾಧುವಾಗಿದ್ದರೆ ಹರಿತವಾದ ಬ್ಲೇಡ್ ಹಾಕಿ. ಅಲಗು ಜಾಸ್ತಿ ಚಾಚಿಲ್ಲದ ಕಾರಣ ಹರಿತವೇ ಕೆಲಸ ಮಾಡಬೇಕು. ರೇಜರ್ ಖಡಕ್ ಆಗಿದ್ದು ಬ್ಲೇಡನ್ನು ಬಿಗಿಯಾಗಿ ಹಿಡಿದಿದ್ದರೆ ನಡುವಿನ, ನಯವಾದ ಬ್ಲೇಡ್ ಸಾಕು. ಖಡಕ್ ರೇಜರಿಗೆ ಮೊಂಡು ಬ್ಲೇಡ್ ಹಾಕಿದರೆ ಸೌಮ್ಯವಾಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಎಲ್ಲಕ್ಕಿಂತ ಕೆಟ್ಟ ಜೋಡಿ. ಮೊಂಡು ಅಲಗು ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ನೀವು ಒತ್ತುತ್ತೀರಿ, ಚಾಚಿದ ಅಲಗು ಚರ್ಮದ ಪದರವನ್ನೇ ಹೆರೆಯುತ್ತದೆ.

ಹಾಗಾದರೆ ಹರಿತವಾದ ಬ್ಲೇಡೇ ನಿಮಗೆ ಯಾಕೆ ಉರಿ ತಂದಿತು? ಕಾರ್ಟ್ರಿಜ್ ಬಿಟ್ಟು ಬಂದವರ ಕೈಗೆ ಒತ್ತುವ ಅಭ್ಯಾಸ ಇರುತ್ತದೆ. ಕಾರ್ಟ್ರಿಜಿನ ತಲೆ ತಾನಾಗಿ ತಿರುಗುತ್ತದೆ, ಒತ್ತಡವನ್ನು ಸ್ವಲ್ಪ ತಾಳಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲ. ಮೊದಲು ಮುಚ್ಚಳವನ್ನು ಕೆನ್ನೆಗೆ ಒರಗಿಸಿ. ಅಲಗು ಕೂದಲಿಗೆ ತಾಗುವವರೆಗೆ ಹಿಡಿಯನ್ನು ನಿಧಾನವಾಗಿ ಕೆಳಗಿಳಿಸಿ. ಅಲಗಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಕೋನ ಬರುತ್ತದೆ. ಆಮೇಲೆ ರೇಜರಿನ ತೂಕವೇ ಎಳೆಯಲಿ.

ಕತ್ತಿನ ವಿಷಯ ಬೇರೆ ಹೇಳಬೇಕು. ಅಲ್ಲಿ ಕೂದಲು ಕೆನ್ನೆಯ ಹಾಗೆ ಮೇಲಿನಿಂದ ಕೆಳಕ್ಕೇ ಬೆಳೆಯುತ್ತದೆ ಅಂತ ಏನಿಲ್ಲ. ಕೆಲವರಿಗೆ ಅಡ್ಡ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಸುಳಿ. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ನೋಡಿ. ಯಾವ ಕಡೆಗೆ ಸವರಿದರೆ ನುಣುಪೋ ಅದೇ ಕೂದಲು ಮಲಗಿರುವ ದಿಕ್ಕು. ಕತ್ತಲ್ಲಿ ಒಂದು ವಾರ ಆ ದಿಕ್ಕಿಗೆ ಮಾತ್ರ ಎಳೆಯಿರಿ, ಎದುರು ದಿಕ್ಕಿಗೆ ಹೋಗಬೇಡಿ. ಇದೇ ಬ್ಲೇಡ್, ಇದೇ ರೇಜರ್ ಇರಲಿ. ಉರಿ ಕಡಿಮೆಯಾದರೆ ದೋಷ ಜೋಡಿಯದ್ದಲ್ಲ. ಆಗಲಿಲ್ಲ ಅಂದರೆ ಆಗ ಬ್ಲೇಡ್ ಬದಲಿಸಿ.

ಪ್ರಶ್ನೆ: ಹತ್ತಾರು ಬಗೆಯ ಬ್ಲೇಡ್ ಇರುವ ಸ್ಯಾಂಪಲ್ ಪ್ಯಾಕ್ ತಂದಿದ್ದೇನೆ. ದಿನಕ್ಕೊಂದು ಹಾಕಿ ನೋಡುತ್ತಿದ್ದೇನೆ. ಒಂದು ದಿನ ಚೆನ್ನಾಗಿದೆ ಅನ್ನಿಸಿದ್ದು ಮುಂದಿನ ವಾರ ಚೆನ್ನಾಗಿಲ್ಲ ಅನ್ನಿಸುತ್ತದೆ. ತಲೆ ಕೆಟ್ಟುಹೋಗಿದೆ.

ಕೆಡದೆ ಇನ್ನೇನು! ದಿನಕ್ಕೊಂದು ಬ್ಲೇಡ್ ಹಾಕಿದರೆ ನೀವು ಅಳೆಯುತ್ತಿರುವುದು ಬ್ಲೇಡನ್ನಲ್ಲ, ಆ ದಿನದ ನಿದ್ದೆ, ನೊರೆ, ಕೈಯ ಅವಸರ ಇವನ್ನು. ಒಂದು ದಿನದ ಗಡ್ಡಕ್ಕೂ ಮೂರು ದಿನದ ಗಡ್ಡಕ್ಕೂ ಅದೇ ಬ್ಲೇಡ್ ಬೇರೆ ಥರ ನಡೆದುಕೊಳ್ಳುತ್ತದೆ.

ಸದ್ಯಕ್ಕೆ ಎರಡು ಬಗೆ ಮಾತ್ರ ಹೊರಗೆ ಇಡಿ. ಒಂದು ಹರಿತ ಅಂತ ಹೆಸರಾದದ್ದು, ಇನ್ನೊಂದು ಮೆದು ಅಂತ ಹೆಸರಾದದ್ದು. ಉಳಿದವನ್ನು ಡಬ್ಬಿಗೆ ಹಾಕಿ ಕಣ್ಣಿಗೆ ಕಾಣದ ಹಾಗೆ ಇಡಿ. ರೇಜರ್, ಸೋಪು, ಬ್ರಷ್ ಯಾವುದನ್ನೂ ಬದಲಿಸಬೇಡಿ. ಮೊದಲ ಬ್ಲೇಡಿನಲ್ಲಿ ಮೂರು ಶೇವ್ ಮಾಡಿ, ಆಮೇಲೆ ಎರಡನೆಯದರಲ್ಲಿ ಮೂರು. ಮೂರು ಯಾಕೆ ಅಂದರೆ, ಕೆಲವು ಬ್ಲೇಡ್ ಮೊದಲ ದಿನ ಚುರುಕು ಜಾಸ್ತಿ ಇದ್ದು ಎರಡನೇ ದಿನ ಹದಕ್ಕೆ ಬರುತ್ತವೆ. ಇನ್ನು ಕೆಲವು ಮೊದಲ ದಿನ ಮನಸ್ಸು ಗೆದ್ದು ಮೂರನೇ ದಿನಕ್ಕೆ ಎಳೆಯುತ್ತವೆ.

ಶೇವ್ ಆದ ಮೇಲೆ ಪಟಿಕದ ಕಲ್ಲನ್ನು ಒದ್ದೆ ಮುಖಕ್ಕೆ ಸವರಿ ನೋಡಿ. ಎಲ್ಲೆಲ್ಲಿ ಚುರುಗುಟ್ಟುತ್ತದೋ ಅಲ್ಲೆಲ್ಲ ಚರ್ಮ ತರಚಿದೆ ಅಂತ ಅರ್ಥ. ಕನ್ನಡಿಗೆ ಕಾಣದ್ದು ಇದಕ್ಕೆ ಗೊತ್ತಾಗುತ್ತದೆ. ಎಲ್ಲಿ ಚುರುಗುಟ್ಟಿತು, ಎಲ್ಲಿ ಕೂದಲು ಉಳಿಯಿತು ಅಂತ ಒಂದು ಸಾಲು ಬರೆದಿಡಿ. ಕೂದಲು ಉಳಿದು ಚುರುಗುಟ್ಟದಿದ್ದರೆ ಇನ್ನೂ ಹರಿತದ ಕಡೆ ಹೋಗಬಹುದು. ಕೂದಲೂ ಉಳಿದು ಚುರುಗುಟ್ಟಿದರೆ ಬ್ಲೇಡ್ ಎಳೆಯುತ್ತಿದೆ, ಆಗಲೂ ಹರಿತದ ಕಡೆಗೇ ಹೋಗಿ. ಕೂದಲು ಪೂರ್ತಿ ಹೋಗಿ ಚುರುಗುಟ್ಟಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಇಲ್ಲವೇ ಒಂದು ಸುತ್ತು ಕಡಿಮೆ ಎಳೆಯಿರಿ.

ಒಂದು ಒಗ್ಗಿತು ಅಂದರೆ ಅಲ್ಲಿಗೆ ನಿಲ್ಲಿಸಿ. ಡಬ್ಬಿಯಲ್ಲಿ ಉಳಿದ ಬಗೆಗಳನ್ನು ಮುಗಿಸಲೇಬೇಕು ಅಂತ ಯಾರೂ ಹೇಳಿಲ್ಲ. ಕೆಲವರಿಗೆ ಹುಡುಕಾಟವೇ ಹವ್ಯಾಸ. ಅದು ತಪ್ಪಲ್ಲ, ಆದರೆ ಅವರಿಗೆ ಬೇಕಾದ ಸಲಹೆ ಬೇರೆ.

ಪ್ರಶ್ನೆ: ನಾನು ವಾರಕ್ಕೆ ಎರಡೇ ಸಲ ಶೇವ್ ಮಾಡುವವನು. ಗಡ್ಡ ದಪ್ಪ. ನನ್ನ ರೇಜರಿನಲ್ಲಿ ದವಡೆಯ ಕೆಳಗೆ ಎಷ್ಟು ಎಳೆದರೂ ತರಿ ಉಳಿಯುತ್ತದೆ, ನಡುವೆ ನೊರೆ ಕಟ್ಟಿಕೊಳ್ಳುತ್ತದೆ. ಹಲ್ಲಿರುವ ರೇಜರ್ ತರಲೇ? ಅಥವಾ ಅಡ್ಜಸ್ಟ್ ಮಾಡುವಂಥದ್ದು?

ನಿಮ್ಮ ಸಂದರ್ಭದಲ್ಲಿ ರೇಜರ್ ಬದಲಿಸುವುದಕ್ಕೆ ಕಾರಣ ಇದೆ. ಸೇಫ್ಟಿ ಬಾರ್ ಸಪಾಟಾಗಿರುವ ರೇಜರಿನಲ್ಲಿ ಉದ್ದ ಕೂದಲು, ದಪ್ಪ ನೊರೆ ಎರಡೂ ಒಟ್ಟಿಗೆ ಹೋಗಲು ಜಾಗ ಸಾಲದು. ಬಾಚಣಿಗೆಯಂತೆ ಹಲ್ಲಿರುವ ಓಪನ್ ಕೂಂಬ್ ರೇಜರಿನಲ್ಲಿ ನೊರೆ ಹಲ್ಲಿನ ಸಂದಿಯಿಂದ ಹಾದುಹೋಗುತ್ತದೆ.

ಆದರೆ ಹಲ್ಲಿದ್ದ ಮಾತ್ರಕ್ಕೆ ರೇಜರ್ ಖಡಕ್ ಆಗಿಬಿಡುವುದಿಲ್ಲ. ಸಾಧುವಾದ ಓಪನ್ ಕೂಂಬ್ ಕೂಡ ಇವೆ. ಜರ್ಮನಿಯ ಮ್ಯೂಲೆ ಕಂಪನಿಯನ್ನೇ ನೋಡಿ. ಅವರ ಆರ್89 ಸಪಾಟು ಬಾರಿನ ಸೌಮ್ಯ ರೇಜರ್. ಅದೇ ಕಂಪನಿಯ ಆರ್41ಕ್ಕೆ ಹಲ್ಲುಗಳಿವೆ, ಮಾರುಕಟ್ಟೆಯ ಅತಿ ಖಡಕ್ ರೇಜರುಗಳಲ್ಲಿ ಅದೂ ಒಂದು. ನೇರವಾಗಿ ಅದಕ್ಕೆ ಹಾರಬೇಡಿ.

ಅಡ್ಜಸ್ಟಬಲ್, ಅಂದರೆ ಗ್ಯಾಪ್ ಹೆಚ್ಚು ಕಡಿಮೆ ಮಾಡಬಹುದಾದ ರೇಜರ್ ನಿಮಗೆ ನಿಜಕ್ಕೂ ಸರಿ. ಜರ್ಮನಿಯ ಜೋಲಿಂಗನ್ ಊರಿನ ಮರ್ಕೂರ್ ಕಂಪನಿಯ ಪ್ರೋಗ್ರೆಸ್‌ನಲ್ಲಿ ತಿರುಗಿಸಲು 1ರಿಂದ 5ರವರೆಗೆ ಅಂಕಿಗಳಿವೆ. ರಾಕ್‌ವೆಲ್ 6ಎಸ್‌ನಲ್ಲಿ ತಿರುಗಿಸುವ ಬದಲು ತಟ್ಟೆಗಳನ್ನೇ ಬದಲಿಸಬೇಕು. ಅದರಲ್ಲಿ ಗ್ಯಾಪ್ 0.20 ಮಿಲಿಮೀಟರಿನಿಂದ 0.79ರವರೆಗೆ ಆರು ಹಂತಗಳಲ್ಲಿ ಏರುತ್ತದೆ. ಮೊದಲ ಸುತ್ತಿಗೆ ದೊಡ್ಡ ಅಂಕಿ ಇಟ್ಟು ಗಡ್ಡದ ರಾಶಿ ತೆಗೆಯಿರಿ, ಎರಡನೇ ಸುತ್ತಿಗೆ ಇಳಿಸಿ. ಬ್ಲೇಡ್ ನಡುವಿನದ್ದರಿಂದ ಹರಿತದ ಕಡೆಗೆ ಇರಲಿ. ಮೂರು ನಾಲ್ಕು ದಿನದ ದಪ್ಪ ಗಡ್ಡಕ್ಕೆ ಮೆದು ಬ್ಲೇಡ್ ಹಾಕುವುದು ದಂಡ.

ಹೊಸದು ತರುವ ಮುಂಚೆ ಒಂದು ಕೆಲಸ ಮಾಡಿ. ಎರಡು ಮೂರು ನಿಮಿಷ ಗಡ್ಡವನ್ನು ನೀರಲ್ಲಿ ಚೆನ್ನಾಗಿ ನೆನೆಸಿ. ಸ್ನಾನವಾದ ಮೇಲೆ ಶೇವ್ ಮಾಡಿದರೆ ಇನ್ನೂ ಒಳ್ಳೆಯದು. ನೆನೆದ ಕೂದಲನ್ನು ಕತ್ತರಿಸಲು ಒಣ ಕೂದಲಿಗಿಂತ ತುಂಬಾ ಕಡಿಮೆ ಬಲ ಸಾಕು. ತರಿ ಉಳಿಯುವುದಕ್ಕೆ ಅರ್ಧ ಕಾರಣ ಎಷ್ಟೋ ಸಲ ಇಲ್ಲೇ ಇರುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಹಿತ್ತಾಳೆ ರೇಜರ್ ಸಿಕ್ಕಿದೆ. ಈಗಿನ ಬ್ಲೇಡ್ ಅದಕ್ಕೆ ಕೂರುತ್ತದೆಯೇ?

ಎರಡೂ ಬದಿ ಅಲಗಿರುವ ಬ್ಲೇಡಿನ ರೇಜರ್ ಆಗಿದ್ದರೆ ಸಾಮಾನ್ಯವಾಗಿ ಕೂರುತ್ತದೆ. ಬ್ಲೇಡಿನ ಅಳತೆ ದಶಕಗಳಿಂದ ಹೆಚ್ಚುಕಡಿಮೆ ಹಾಗೇ ಇದೆ. ಬಿಸಿನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ. ಬ್ಲೇಡ್ ಹಾಕಿ ಬಿಗಿ ಮಾಡಿ ತಲೆಯ ಕಡೆಯಿಂದ ನೋಡಿ. ಎರಡೂ ಬದಿಯಲ್ಲಿ ಅಲಗು ಒಂದೇ ಸಮ ಕಾಣಬೇಕು. ಒಂದು ಕಡೆ ಜಾಸ್ತಿ ಚಾಚಿದ್ದರೆ ಸಡಿಲಿಸಿ, ಬ್ಲೇಡಿನ ಎರಡು ತುದಿಯ ಹರಿತವಿಲ್ಲದ ಕಿವಿಗಳನ್ನು ಹಿಡಿದು ಸರಿಮಾಡಿ, ಮತ್ತೆ ಬಿಗಿ ಮಾಡಿ. ಆಗಲೂ ಸಮ ಆಗದಿದ್ದರೆ ತಟ್ಟೆಯೋ ಹಲ್ಲೋ ಬಾಗಿದೆ. ಅಂಥದ್ದನ್ನು ಮುಖಕ್ಕೆ ಬಳಸಬೇಡಿ. ಹೊಸ ರೇಜರ್ ಇದ್ದವರೂ ಇದನ್ನು ನೋಡಿಕೊಳ್ಳಬೇಕು. "ಒಂದು ಬದಿ ಚೆನ್ನಾಗಿದೆ, ಇನ್ನೊಂದು ಬದಿ ಕೊಯ್ಯುತ್ತೆ" ಅನ್ನುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಪ್ರಶ್ನೆ: ಒಂದು ಬ್ಲೇಡ್ ಎಷ್ಟು ಶೇವ್ ಬರಬೇಕು? ಕೂದಲಿನಂಥ ಮೆತ್ತಗಿನ ವಸ್ತು ಉಕ್ಕನ್ನು ಮೊಂಡು ಮಾಡುವುದಾದರೂ ಹೇಗೆ?

ಬಹಳ ಜನಕ್ಕೆ ಮೂರರಿಂದ ಐದು. ಗಡ್ಡ ಒರಟಾದಷ್ಟೂ ಕಡಿಮೆ. ಲೆಕ್ಕ ಇಡುವುದಕ್ಕಿಂತ ಮೀಸೆ ಜಾಗದಲ್ಲಿ, ಗದ್ದದಲ್ಲಿ ಮೊದಲ ಎಳೆತ ಹೇಗಿದೆ ಅಂತ ಗಮನಿಸಿ. ಅಲ್ಲಿ ಎಳೆದರೆ ಆ ಬ್ಲೇಡಿನ ಕಾಲ ಮುಗಿಯಿತು. ಇನ್ನೊಂದು ದಿನ ನೂಕೋಣ ಅಂತ ಜಿಪುಣತನ ಮಾಡಿದರೆ ಚರ್ಮ ಬೆಲೆ ತೆರುತ್ತದೆ.

ಎರಡನೇ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿತ್ತು. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಬ್ಲೇಡ್ ಕೂದಲು ಕತ್ತರಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಅಲಗು ಬರೀ ಸವೆಯುವುದಿಲ್ಲ, ಅಲ್ಲಲ್ಲಿ ಚಕ್ಕೆ ಏಳುತ್ತದೆ. ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಾಗಿದ ಕೂದಲು ಅಂಥ ದುರ್ಬಲ ಜಾಗದಲ್ಲಿ ಓರೆಯಾಗಿ ಒತ್ತಿದಾಗ ಅಂಚು ಮುರಿಯುತ್ತದೆ. ಒಂದೇ ಪೊಟ್ಟಣದ ಎರಡು ಬ್ಲೇಡ್ ಬಾಳಿಕೆಯಲ್ಲಿ ಬೇರೆಯಾದರೆ ಅಚ್ಚರಿ ಪಡಬೇಕಿಲ್ಲ.

ಬ್ಲೇಡಿನ ಅಂಚನ್ನು ಬಟ್ಟೆಯಲ್ಲಿ ಒರೆಸಬೇಡಿ, ತುದಿ ಹಾಳಾಗುತ್ತದೆ. ನೀರಲ್ಲಿ ಜಾಲಾಡಿಸಿ ಕೊಡವಿದರೆ ಸಾಕು.

ಪ್ರಶ್ನೆ: ನನ್ನದು ಗುಂಗುರು ಗಡ್ಡ. ಶೇವ್ ಆದ ಎರಡು ದಿನಕ್ಕೆ ಕೂದಲು ಚರ್ಮದ ಒಳಗೇ ಬೆಳೆದು ಗುಳ್ಳೆ ಏಳುತ್ತದೆ. ಯಾವ ಜೋಡಿ ಹೇಳುತ್ತೀರಿ?

ನಿಮಗೆ ನುಣುಪಾದ ಶೇವ್ ಬೇಡ. ಇದನ್ನು ಮೊದಲು ಒಪ್ಪಿಕೊಳ್ಳಿ. ಗುಂಗುರು ಕೂದಲನ್ನು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಅದರ ಚೂಪು ತುದಿ ಬೆಳೆಯುವಾಗ ಬಾಗಿ ಒಳಗೇ ಚುಚ್ಚುತ್ತದೆ. ಹಲವು ಅಲಗಿನ ಕಾರ್ಟ್ರಿಜ್ ಕೂದಲನ್ನು ಎಳೆದು ಕತ್ತರಿಸುವುದರಿಂದ ಈ ತೊಂದರೆ ಹೆಚ್ಚಬಹುದು. ಆ ಲೆಕ್ಕದಲ್ಲಿ ಒಂದೇ ಅಲಗಿನ ರೇಜರಿಗೆ ಬಂದದ್ದು ಒಳ್ಳೆಯದೇ.

ಸಾಧುವಾದ ರೇಜರ್, ಹರಿತವಾದ ಬ್ಲೇಡ್. ಕೂದಲು ಮಲಗಿರುವ ದಿಕ್ಕಿಗೆ ಒಂದೇ ಸುತ್ತು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಡಿ, ಹಾಗೆ ಮಾಡಿದರೆ ಮತ್ತೆ ಒಳಮಟ್ಟಕ್ಕೇ ಕತ್ತರಿಸುತ್ತದೆ. ಬೆರಳಿಗೆ ಸ್ವಲ್ಪ ತರಿ ಸಿಕ್ಕಿದರೆ ಸಿಗಲಿ. ಗುಳ್ಳೆ ಇರುವ ಜಾಗವನ್ನು ಅದು ಆರುವವರೆಗೆ ಬಿಟ್ಟುಬಿಡಿ. ಒಳಗಿನ ಕೂದಲನ್ನು ಸೂಜಿಯಿಂದ ಕೆದಕಬೇಡಿ. ಗುಳ್ಳೆಯಲ್ಲಿ ಕೀವು ಕಟ್ಟುತ್ತಿದ್ದರೆ, ಕಲೆ ಉಳಿಯುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಟ್ರಿಮ್ಮರಿನಲ್ಲಿ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸುತ್ತಿರಿ.